ಪರೇಡ್ ಸಾಲಿನಲ್ಲಿ ನಿಂತವನಿಗೆ ಕೆಲಸ ಕೊಡುವವರಾರು?

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಹತ್ತಿರ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಪತ್ರಿಕೆಗಳಲ್ಲಿ ರೌಡಿ ಪರೇಡ್‌ನ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಮೈದಾನದಲ್ಲಿ ತಲೆ ತಗ್ಗಿಸಿ ಸಾಲಾಗಿ ನಿಂತ ಗಂಡಸರು, ಎದುರಿಗೆ ಅಧಿಕಾರಿಗಳು, ಕೆಳಗೆ ಬಾಲ ಬಿಚ್ಚಿದರೆ ಗಡಿಪಾರು ಎಂಬ ಅರ್ಥದ ಒಕ್ಕಣೆ. ಚಿತ್ರದುರ್ಗದ ಹಿಂದೂ ಮಹಾಗಣಪತಿಯ ಶೋಭಾಯಾತ್ರೆಯಂಥ ಜನಸಾಗರವನ್ನು ನಿಭಾಯಿಸಬೇಕಾದ ಪೊಲೀಸರಿಗೆ ಮುನ್ನೆಚ್ಚರಿಕೆ ಬೇಡ ಎನ್ನುವಷ್ಟು ಅಮಾಯಕ ನಾನಲ್ಲ. ನಿಜಕ್ಕೂ ಹೆದರಿಸಿಯೇ ಇಡಬೇಕಾದವರು ಆ ಸಾಲಿನಲ್ಲಿ ಇರುತ್ತಾರೆ. ಆದರೆ ದಾವಣಗೆರೆಯ ನ್ಯಾಯಾಲಯಗಳಲ್ಲಿ ಕಳ್ಳತನ, ಹೊಡೆದಾಟದ ಮೊಕದ್ದಮೆಗಳನ್ನು ಬಹುಕಾಲದಿಂದ ನಡೆಸುತ್ತ ಬಂದಿರುವ ನನಗೆ ಕಂಡಿರುವ ಮಟ್ಟಿಗೆ, ಒಮ್ಮೆ ಜೈಲಿಗೆ ಹೋಗಿ ಬಂದವನು ಮತ್ತೆ ಅದೇ ದಾರಿ ಹಿಡಿಯದಂತೆ ಕಾಯುವುದು ಅವನಿಗೆ ಸಿಕ್ಕ ಕೂಲಿ ಕೆಲಸವೇ ಹೊರತು ಅವನ ಹೆದರಿಕೆಯಲ್ಲ, ಮತ್ತು ಆ ಕೆಲಸಕ್ಕೇ ಈ ಪರೇಡ್ ಕುತ್ತು ತರುತ್ತಿದೆ.

ನನ್ನ ಕಕ್ಷಿದಾರನೊಬ್ಬ ಹತ್ತೊಂಬತ್ತರ ವಯಸ್ಸಿನಲ್ಲಿ ಬೈಕ್ ಕಳವಿನ ಪ್ರಕರಣದಲ್ಲಿ ಸಿಕ್ಕಿಬಿದ್ದು, ಶಿಕ್ಷೆ ಮುಗಿಸಿ ಬಂದ ಮೇಲೆ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಭಟ್ಟಿ ಕೆಲಸ ಎಂಥದ್ದೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಹೊಗೆ ಕುಡಿಯುತ್ತ, ಕಾದ ಮರಳಿನ ಎದುರು ನಿಂತು ಅಕ್ಕಿ ಹುರಿಯುವ ಆ ಕೆಲಸಕ್ಕೆ ಗಟ್ಟಿ ಆಳುಗಳು ಸಿಗುವುದೇ ಕಷ್ಟ. ಮಾಲೀಕರು ಅವನ ಹಿನ್ನೆಲೆ ತಿಳಿದೇ ಇಟ್ಟುಕೊಂಡಿದ್ದರು. ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ ಪೊಲೀಸರು ನೇರವಾಗಿ ಭಟ್ಟಿಗೇ ಬಂದು, ಒಲೆಯ ಮುಂದಿದ್ದವನನ್ನು ಉಟ್ಟ ಬಟ್ಟೆಯಲ್ಲೇ ಕರೆದೊಯ್ದು ಮಧ್ಯಾಹ್ನ ಬಿಟ್ಟರು. ಮರುದಿನ ಅಚ್ಚಾದ ಚಿತ್ರದ ಎರಡನೇ ಸಾಲಿನಲ್ಲಿ ಅವನ ಮುಖ ಸ್ಪಷ್ಟವಾಗಿತ್ತು. “ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲಪ್ಪ, ಪೊಲೀಸ್ನೋರು ಹಿಂಗ ಬಾಗ್ಲಿಗೆ ಬಂದ್ರೆ ನಾನು ಯಾಪಾರ ಮಾಡೋದೆಂಗೆ” ಎಂದು ಮಾಲೀಕರು ವಾರದ ಬಟವಾಡೆ ಕೈಗಿಟ್ಟು ಕಳಿಸಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆಮೇಲೆ ಆ ಹುಡುಗ ನನ್ನ ಕಚೇರಿಗೆ ಬಂದದ್ದು ಇನ್ನೊಂದು ಕಳವಿನ ಪ್ರಕರಣದಲ್ಲಿ. ಪಹಣಿ ಹಿಡಿದುಕೊಂಡು ಬಂದು ಜಾಮೀನು ನಿಲ್ಲುವವರು ಈ ಸಲ ಯಾರೂ ಇರಲಿಲ್ಲ.

ಪರೇಡ್‌ಗೆ ಕರೆಸುವುದು ಠಾಣೆಯಲ್ಲಿ ಯಾರ ಹೆಸರಿನಲ್ಲಿ ರೌಡಿ ಶೀಟ್ ಇದೆಯೋ ಅವರನ್ನು. ಆ ಶೀಟ್ ನ್ಯಾಯಾಲಯದ ತೀರ್ಪಲ್ಲ. ಪೊಲೀಸ್ ಕೈಪಿಡಿಯ ಆಧಾರದಲ್ಲಿ ಇಲಾಖೆಯೇ ತೆರೆಯುವ, ಇಲಾಖೆಯೇ ಮುಚ್ಚಬಹುದಾದ ಕಡತ ಅದು. ಹಲವು ಜಿಲ್ಲೆಗಳಲ್ಲಿ ವರಿಷ್ಠಾಧಿಕಾರಿಗಳು ಸನ್ನಡತೆಯನ್ನು ಗಮನಿಸಿ ಹೆಸರು ಕೈಬಿಟ್ಟಿರುವುದೂ ಉಂಟು. ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ, ರೌಡಿ ಶೀಟ್‌ನಂಥದ್ದೇ ಆದ ಹಿಸ್ಟರಿ ಶೀಟ್ ಪೊಲೀಸರ ಆಂತರಿಕ ದಾಖಲೆಯೇ ಹೊರತು ಸಾರ್ವಜನಿಕರಿಗೆ ಸಿಗಬೇಕಾದ ವರದಿಯಲ್ಲ ಎಂದಿತಲ್ಲದೆ, ಹಿಂದುಳಿದ ಮತ್ತು ದುರ್ಬಲ ಸಮುದಾಯಗಳ ನಿರಪರಾಧಿಗಳ ಹೆಸರು ಅದರಲ್ಲಿ ಯಾಂತ್ರಿಕವಾಗಿ ಸೇರಿಬಿಡಬಾರದೆಂದು ಎಲ್ಲ ರಾಜ್ಯಗಳನ್ನೂ ಎಚ್ಚರಿಸಿತು. ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿದ, ಬ್ರಿಟಿಷರು 1871ರಲ್ಲಿ ಮೊದಲು ತಂದ ಕಾಯ್ದೆ 1952ರಲ್ಲಿ ರದ್ದಾದರೂ, ಆ ಗುಮಾನಿ ಎಷ್ಟು ಕಾಲ ಬೆನ್ನು ಬಿಡಲಿಲ್ಲವೆಂಬುದನ್ನು ನಮ್ಮ ಬಯಲುಸೀಮೆಯ ಕೊರಚ, ಕೊರಮ ಸಮುದಾಯಗಳ ಹಿರಿಯರು ಹೇಳಬಲ್ಲರು. ಠಾಣೆಯ ಕಪಾಟಿನಲ್ಲಿ ಇರಬೇಕಾದ ಹೆಸರು ಮುಖಸಮೇತ ಬೀದಿಗೆ ಬರುವುದಾದರೆ ಅದನ್ನು ಆಂತರಿಕ ದಾಖಲೆ ಎನ್ನುವುದಾದರೂ ಹೇಗೆ?

ಇದಕ್ಕೆ ತೀರಾ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದ ಕಾನೂನೊಂದು ನಮ್ಮಲ್ಲಿ 1958ರಿಂದಲೂ ಇದೆ. ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ, ಕೋರ್ಟಿನವರು ಪ್ರೊಬೇಷನ್ ಕಾಯ್ದೆ ಎಂದು ಕರೆಯುವ ಆ ಕಾನೂನಿನ 6ನೇ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಗಳನ್ನು ಬಿಟ್ಟರೆ, 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಧೀಶರು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು, ಕಳಿಸಲೇಬೇಕಾದರೆ ಕಾರಣ ಬರೆಯಬೇಕು. ಪ್ರೊಬೇಷನ್ ಮೇಲಿರುವವನಿಗೆ ತಕ್ಕ ಕೆಲಸ ದೊರಕಿಸಲು ಪ್ರಯತ್ನಿಸುವುದು ಆ ಅಧಿಕಾರಿಯ ಕರ್ತವ್ಯಗಳಲ್ಲೊಂದೆಂದು 14ನೇ ಕಲಮು ಹೇಳುತ್ತದೆ. ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣಕ್ಕೆ ಅನರ್ಹತೆ ಅಂಟಬಾರದೆಂದು 12ನೇ ಕಲಮು ಹೇಳುತ್ತದೆ. ಮೇಲೆ ಹೇಳಿದ ಹುಡುಗನ ಮೊದಲ ಪ್ರಕರಣದ ಕಡತವನ್ನು ನಾನು ಆಮೇಲೆ ತೆಗೆಸಿ ನೋಡಿದಾಗ ಅದರಲ್ಲಿ ಅಂಥ ವರದಿಯ ಸುಳಿವೇ ಇರಲಿಲ್ಲ. ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತದೆಂದು ಯಾರೋ ಹೇಳಿದ್ದರಂತೆ, ಅವನು ಒಪ್ಪಿಕೊಂಡಿದ್ದ. ನಮ್ಮ ವಕೀಲ ಬಾಂಧವರು ಜಾಮೀನಿಗೆ ವಾದಿಸುವ ಉತ್ಸಾಹದ ಕಾಲು ಭಾಗವನ್ನು ಈ ಕಲಮಿಗೆ ಕೊಟ್ಟರೂ ಎಷ್ಟೋ ಹುಡುಗರು ಜೈಲಿನ ಮುಖ ನೋಡದೆ ಉಳಿಯುತ್ತಾರೆ.

ಬಿಡುಗಡೆಯ ನಂತರದ ದಿನಗಳನ್ನು ಯಾರೂ ತಮ್ಮ ಹೊಣೆಯೆಂದು ಭಾವಿಸದಿರುವುದು ಹೊಸದೇನಲ್ಲ. ಬೆಂಗಳೂರು ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಬಂದಿ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಕಿಕ್ಕಿರಿದ ಕೋಣೆಗಳಿಂದ ಹಿಡಿದು ಊಟ, ಬಟ್ಟೆ, ಭೇಟಿ, ಬಯಲು ಬಂದೀಖಾನೆಯವರೆಗೆ ಎಲ್ಲವೂ ಅದರಲ್ಲಿವೆ, ಗೇಟು ದಾಟಿದ ಮೇಲಿನ ಬದುಕಿನ ಮಾತು ಮಾತ್ರ ಆ ಒಂಬತ್ತರಲ್ಲಿ ಇಲ್ಲ.

ಎರಡೂ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಹಬ್ಬಕ್ಕೆ ಮೊದಲು ಪಟ್ಟಿಯನ್ನು ಪರಿಶೀಲಿಸಿ, ಹೊಸ ಪ್ರಕರಣಗಳಿಲ್ಲದೆ ಭಟ್ಟಿಯಲ್ಲೋ, ಎಪಿಎಂಸಿಯ ಹಮಾಲಿಯಲ್ಲೋ, ಗ್ಯಾರೇಜಿನಲ್ಲೋ ದುಡಿಯುತ್ತಿರುವವರನ್ನು ಪರೇಡ್‌ನಿಂದ ಕೈಬಿಡಬಹುದು. ಎಚ್ಚರಿಕೆ ಹೇಳಲೇಬೇಕಿದ್ದರೆ ಕೆಲಸದ ಜಾಗಕ್ಕೆ ಹೋಗದೆ ಸಂಜೆ ಮನೆಗೆ ಹೋಗಿ ಹೇಳಬಹುದು. ಶೀಟ್ ಮುಚ್ಚಿಸಲು ಅರ್ಜಿ ಬರೆದುಕೊಡುವ ಕೆಲಸವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ವಹಿಸಿಕೊಂಡರೆ ಅದಕ್ಕಾಗಿ ಕಚೇರಿಗಳಿಗೆ ಅಲೆಯುವುದೂ ತಪ್ಪುತ್ತದೆ. ಇನ್ನು ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳು ಪರೇಡ್‌ನ ಸುದ್ದಿಯನ್ನು ಧಾರಾಳವಾಗಿ ಪ್ರಕಟಿಸಲಿ, ಆದರೆ ಸಾಲಿನಲ್ಲಿ ನಿಂತವರ ಮುಖಗಳನ್ನು ಮಸುಕುಗೊಳಿಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ದಾವಣಗೆರೆ