ಆಳೋರು ಬದಲಾದ್ರೆ ಮಾತಾಡೋ ಹಕ್ಕು ಯಾರ ಕೈಲಿ?

ಬಂಧುಗಳೇ, ಡಿಸೆಂಬರ್ ಸಂಚಿಕೆ ಅಂದ್ಮೇಲೆ ಗೋವಾ ವಿಮೋಚನಾ ದಿನದ ಬಗ್ಗೆ ನಾಲ್ಕು ಮಾತು ಬರೀಲೇಬೇಕು, ಈ ಸಲ ಜೊತೆಗೆ ಹಾಂಗ್ ಕಾಂಗ್ ವಿಷ್ಯಾನೂ ಎತ್ತಿದೀನಿ. 1961ರ ಡಿಸೆಂಬರ್ 19ಕ್ಕೆ ಇಲ್ಲಿ ಪೋರ್ಚುಗೀಸರು ಶರಣಾದ್ರು, 1984ರಲ್ಲಿ ಅದೇ ಡಿಸೆಂಬರ್ 19ಕ್ಕೆ ಬೀಜಿಂಗಲ್ಲಿ ಬ್ರಿಟನ್ನು ಚೀನಾ ಎರಡೂ, ಆಗ ಬ್ರಿಟಿಷರ ಕೈಲಿದ್ದ ಹಾಂಗ್ ಕಾಂಗ್ ಕುರಿತ ಒಪ್ಪಂದಕ್ಕೆ ಸೈನ್ ಹಾಕಿದ್ವು. 1997ಕ್ಕೆ ಊರು ಚೀನಾಕ್ಕೆ, ಆದ್ರೆ ಪತ್ರಿಕೆ, ಸಭೆ, ಕೋರ್ಟು ಎಲ್ಲಾ 50 ವರ್ಷ ಇದ್ದಂಗೇ ಇರತ್ತೆ ಅಂತ.

ಆಗ್ಲೇ ಜನ ಹೆದರಿದ್ರು, ಸುಮ್ಸುಮ್ನೆ ಅಲ್ಲ. ಅಲ್ಲಿನ ಬೇಸಿಕ್ ಲಾ (ಹಾಂಗ್ ಕಾಂಗಿನ ಸಂವಿಧಾನ ಇದ್ದಂಗೆ) 158ನೇ ಕಲಂ ನೋಡಿ, ಆ ಕಾನೂನಿನ ಅರ್ಥ ಏನು ಅಂತ ಕೊನೇ ಮಾತು ಹೇಳೋದು ಬೀಜಿಂಗಿನ ಸಂಸತ್ತಿನ ಸ್ಥಾಯಿ ಸಮಿತಿ. ಅಂದ್ರೆ ಮಾತು ಕೊಟ್ಟೋನೇ ಜಡ್ಜು! 2003ರಲ್ಲಿ ದೇಶದ್ರೋಹದ ಕಾಯ್ದೆ ತರೋಕೆ ಹೋದಾಗ ಸುಮಾರು 5 ಲಕ್ಷ ಜನ ಬೀದಿಗಿಳಿದ್ರು, ಸರ್ಕಾರ ಹಿಂದೆ ಸರೀತು. 2020ರಲ್ಲಿ ಬೀಜಿಂಗೇ ನೇರವಾಗಿ ರಾಷ್ಟ್ರೀಯ ಭದ್ರತಾ ಕಾನೂನು ಮಾಡ್ತು, ಮುಂದಿನ ಜೂನಲ್ಲಿ ಬೀಜಿಂಗನ್ನ ಟೀಕಿಸ್ತಿದ್ದ ಆಪಲ್ ಡೈಲಿ ಪತ್ರಿಕೆ ಬಾಗಿಲು ಹಾಕ್ತು. 50ರಲ್ಲಿ 23 ವರ್ಷ ಆಗಿತ್ತು ಅಷ್ಟೇ. (ಬ್ರಿಟಿಷರೇನು ಸಾಚಾ ಅಲ್ಲ ಬಿಡಿ, ಒಂದೂವರೆ ಶತಮಾನ ಆಳಿ ಶಾಸನಸಭೆಗೆ ಮೊದಲ ನೇರ ಚುನಾವಣೆ ಮಾಡಿದ್ದು 1991ರಲ್ಲಿ, ಗಂಟುಮೂಟೆ ಕಟ್ಟೋ ಹೊತ್ತಿಗೆ.)

ಇನ್ನು ನಮ್ಮ ಗೋವಾ. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಕಾಲದಲ್ಲಿ ಮದುವೆ ಕಾಗದ ಪ್ರಿಂಟ್ ಮಾಡಿಸೋಕೂ ಸೆನ್ಸಾರ್ ಒಪ್ಪಿಗೆ ಬೇಕಿತ್ತು ಅಂತಾರೆ ಇಲ್ಲಿನ ಹಿರಿಯರು. 1946ರ ಜೂನ್ 18ಕ್ಕೆ ಲೋಹಿಯಾ ಮಡಗಾಂವಲ್ಲಿ ಭಾಷಣಕ್ಕೆ ನಿಂತಿದ್ದೇ ತಡ, ಎತ್ತಾಕೊಂಡು ಹೋದ್ರು. 61ರಲ್ಲಿ ನಮ್ಮ ಸಂವಿಧಾನದ ಹಕ್ಕು ಬಂತು ನಿಜ, ಆದ್ರೆ ಆವಾಗ ಗೋವಾದವರನ್ನ ಯಾರೂ ಕೇಳಿರ್ಲಿಲ್ಲ, ಮೊದಲ ಕೆಲವು ತಿಂಗಳು ಮಿಲಿಟರಿ ಗವರ್ನರ್ ಆಡಳಿತ. ಕೇಳಿದ್ದು 1967ರ ಜನವರಿ 16ಕ್ಕೆ. ಮಹಾರಾಷ್ಟ್ರಕ್ಕೆ ಸೇರೋದಾದ್ರೆ ಹೂವಿನ ಗುರುತು, ಬೇರೆನೇ ಇರೋದಾದ್ರೆ ಎರಡೆಲೆ. ಸೇರಿಸಲೇಬೇಕು ಅಂತಿದ್ದ ಪಕ್ಷವೇ ಇಲ್ಲಿ ಅಧಿಕಾರದಲ್ಲಿತ್ತು, ಓಟಿಗೆ ಸ್ವಲ್ಪ ಮುಂಚೆ ರಾಜೀನಾಮೆ ಕೊಟ್ಟಿತ್ತು, ಆದ್ರೂ ಎರಡೆಲೆ 34,021 ವೋಟಿಂದ ಗೆಲ್ತು, ದಿಲ್ಲಿ ಒಪ್ಕೊಳ್ತು. ಹಾಂಗ್ ಕಾಂಗಿನವರಿಗೆ ಇಂಥ ಒಂದು ಚೀಟಿ ಯಾವತ್ತೂ ಸಿಗ್ಲಿಲ್ಲ, 84ರಲ್ಲೂ ಇಲ್ಲ, 97ರಲ್ಲೂ ಇಲ್ಲ.

ನಮ್ಮಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಎಮರ್ಜೆನ್ಸಿಲಿ ನಮ್ಮ ಪೇಪರ್‌ಗೂ ಸೆನ್ಸಾರ್ ಕೂತಿತ್ತು, ಆದ್ರೆ 1977ರಲ್ಲಿ ಕೂರಿಸಿದವರನ್ನ ವೋಟು ಹಾಕಿ ಕಳ್ಸೋಕಾಯ್ತು. ನನಗೆ ದೊಡ್ಡದು ಅನ್ಸೋದು ಇದೇ, ಒಪ್ಪಂದದಲ್ಲಿ ಎಷ್ಟು ಚಂದ ಬರ್ದಿದಾರೆ ಅನ್ನೋದಲ್ಲ.

ಆ 67ರ ಓಟಿಗೆ ಕ್ಯೂ ನಿಂತವರು ವಾಸ್ಕೋ, ಮ್ಹಾಪ್ಸಾ ಕಡೆ ನಿಮ್ಮ ಅಕ್ಕಪಕ್ಕ ಇನ್ನೂ ಇದ್ರೆ ಮಾತಾಡ್ಸಿ, ಕೊಂಕಣಿಲಿ ಹೇಳಿದ್ರೂ ಪರ್ವಾಗಿಲ್ಲ, ಕನ್ನಡದಲ್ಲಿ ಎರಡು ಪುಟ ಬರ್ದು ಕಳ್ಸಿ. ಜನವರಿ ಸಂಚಿಕೇಲಿ ಜಾಗ ಇಟ್ಟಿರ್ತೀನಿ.

– ಸಂ.