ಇಲ್ಲದ ತೂತಿಗೊಂದು ಥ್ಯಾಂಕ್ಸ್

ಮೊನ್ನೆ ವೈವಾ ಮುಗಿಯಿತು. ಸಿಲಿಕಾ ಪುಡಿಯ ತೂತುಗಳೊಳಗೆ ಆವಿ ಹೇಗೆ ದ್ರವವಾಗುತ್ತದೆ ಅಂತ ಐದು ವರ್ಷ ನೋಡಿದ್ದಾಯಿತು. ಥೀಸಿಸ್‌ನಲ್ಲಿ ನೆಟ್ಟಗೆ ಹೇಳಲಾಗದ ಥ್ಯಾಂಕ್ಸ್‌ಗಳು ಉಳಿದಿವೆ.

ಮೊದಲು ಅಮ್ಮನಿಗೆ. "ಅದರಲ್ಲಿ ಓದೋಕೆ ಏನಿದೆ?" ಅಂತ ಕೇಳಿ ಕೇಳಿ, ಸರಳವಾಗಿ ಹೇಳುವುದನ್ನು ಕಲಿಸಿದ್ದು ಅವಳೇ. ಅಗಲವಾದ ಪಾತ್ರೆಯಲ್ಲಿ ನೀರಾವಿ ನೀರಾಗಲು ಗಾಳಿಯ ತೇವ ಶೇ. 100 ಮುಟ್ಟಬೇಕು. 2 ನ್ಯಾನೋಮೀಟರ್ ತ್ರಿಜ್ಯದ ತೂತಿಗೆ ಸುಮಾರು ಶೇ. 60 ಸಾಕು. ಸಣ್ಣ ತೂತಿನಲ್ಲಿ ದ್ರವದ ಮೇಲ್ಮೈ ಒಳಕ್ಕೆ ಬಾಗಿರುತ್ತದೆ. ಅಲ್ಲಿನ ಅಣುಗಳಿಗೆ ಅಕ್ಕಪಕ್ಕದವುಗಳ ಹಿಡಿತ ಜಾಸ್ತಿ, ಹಾರಿಹೋಗುವುದು ಕಷ್ಟ. ವಿಜ್ಞಾನಿ ಕೆಲ್ವಿನ್ ಇದರ ಲೆಕ್ಕವನ್ನು 1871ರಲ್ಲೇ ಹಾಕಿದ್ದರು.

ಮುಖ್ಯವಾದ ಋಣ ನನ್ನ ಸೀನಿಯರ್ ಅಕ್ಕನದು. ಮೂರನೇ ವರ್ಷ, 77 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪುಡಿಗೆ ನೈಟ್ರೋಜನ್ ಅನಿಲ ತುಂಬಿಸಿ, ಖಾಲಿ ಮಾಡಿ ತೂತಿನ ಅಳತೆ ಮಾಡುತ್ತಿದ್ದೆ. ತೂತು ತುಂಬುವಾಗ ಗ್ರಾಫಿನ ಗೆರೆ ಒಂದು ದಾರಿ ಹಿಡಿಯುತ್ತದೆ, ಖಾಲಿಯಾಗುವಾಗ ಇನ್ನೊಂದು. ನನ್ನ ಇಳಿಯುವ ಗೆರೆ 0.42ರ ಸಾಪೇಕ್ಷ ಒತ್ತಡದ (ಗಾಳಿಯ ತೇವದ ಲೆಕ್ಕದಲ್ಲಿ ಶೇ. 42 ಅಂದಂತೆ) ಹತ್ತಿರ ದಬಕ್ಕನೆ ಬಿತ್ತು. ಸಾಫ್ಟ್‌ವೇರ್ ಲೆಕ್ಕ ಹಾಕಿ, 3.8 ನ್ಯಾನೋಮೀಟರ್ ವ್ಯಾಸದ ತೂತು ಅಂತು. ಕುಣಿದಾಡಿಬಿಟ್ಟೆ. ಅರ್ಧ ಪೇಪರ್ ಬರೆದೂ ಆಯಿತು!

ಅಕ್ಕ ಗ್ರಾಫ್ ನೋಡಿ ಕೇಳಿದ್ದು ಇಷ್ಟೇ: "ಹತ್ತುವ ಗೆರೆಯಲ್ಲಿ ಈ ತೂತು ಎಲ್ಲಿದೆ?"

ಎಲ್ಲೂ ಇರಲಿಲ್ಲ. ಕಿರಿದಾದ ಬಾಯಿಯ ಹಿಂದೆ ಸಿಕ್ಕಿಕೊಂಡ ದ್ರವ ಎಳೆತದಲ್ಲಿರುತ್ತದೆ. ಒತ್ತಡ ಅಷ್ಟಕ್ಕೆ ಇಳಿದಾಗ ತಡೆಯಲಾರದೆ ಒಳಗೇ ಗುಳ್ಳೆ ಎದ್ದು ಒಮ್ಮೆಲೇ ಖಾಲಿಯಾಗುತ್ತದೆ. ನಾನು ಅಳೆದದ್ದು ತೂತನ್ನಲ್ಲ, ನೈಟ್ರೋಜನ್ನಿನ ತಾಳ್ಮೆಯನ್ನು. 87 ಕೆಲ್ವಿನ್‌ನಲ್ಲಿ ಆರ್ಗಾನ್ ಹಾಕಿ ನೋಡಿದಾಗ ಆ 'ತೂತಿನ' ಅಳತೆಯೇ ಬದಲಾಯಿತು. ಪುಡಿ ಅದೇ, ಅಲ್ವಾ?

ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಗೈಡ್ ಮೇಡಂ ಬೈಯಲಿಲ್ಲ. ಮೊದಲಿನಿಂದ ಡೀಗ್ಯಾಸ್ ಮಾಡಿ (ಪುಡಿಯೊಳಗೆ ಉಳಿದ ಅನಿಲ, ತೇವ ಹೊರಹಾಕಿ) ಶುರುಮಾಡು ಅಂದರು, ಅಷ್ಟೇ. ಹೊತ್ತಲ್ಲದ ಹೊತ್ತಿನಲ್ಲೂ ದ್ರವ ನೈಟ್ರೋಜನ್ ಕ್ಯಾನ್ ತಂದುಕೊಟ್ಟ ಲ್ಯಾಬ್ ಅಣ್ಣ, ನಿಮ್ಮ ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ ಇರಲಿ.

ವೈವಾದಲ್ಲಿ ಪರೀಕ್ಷಕರು ಬೆರಳಿಟ್ಟಿದ್ದೂ ಸರಿಯಾಗಿ ಆ 3.8ರ ಮೇಲೆಯೇ. ನನಗೆ ನಗು ತಡೆಯಲಾಗಲಿಲ್ಲ.

ಅಕ್ಕಾ, ನಿಮ್ಮ ಸ್ಯಾಂಪಲ್ ಟ್ಯೂಬ್ ಇನ್ನೂ ನನ್ನ ಹತ್ತಿರವೇ ಇದೆ. ಸೋಮವಾರ ತೊಳೆದು ತಂದುಕೊಡುತ್ತೇನೆ.