ಗೇಮ್ ಆಡುವ ಮಕ್ಕಳ ಕೈನೋವನ್ನು ಬೈದು ಬಾಯಿ ಮುಚ್ಚಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಮಕ್ಕಳ ಮೊಬೈಲ್ ಗೇಮ್ ಬಗ್ಗೆ ಆಗಾಗ ಬರಹಗಳು ಬರುತ್ತಿರುತ್ತವೆ. ಕಣ್ಣು ಹಾಳಾಗುತ್ತದೆ, ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ, ದುಡ್ಡು ಹೋಗುತ್ತದೆ. ಎಲ್ಲಾ ಬರೆಯಲೇಬೇಕಾದ ವಿಷಯಗಳೇ. ಆದರೆ ಈ ಆಟ ಆಡುವುದು ಕೈಯಲ್ಲಿ ಅಲ್ವಾ? ಆ ಕೈಗೆ ಏನಾಗುತ್ತಿದೆ ಅಂತ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದಕ್ಕೇ ಈ ಪತ್ರ.

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವವಳು. ಮಣಿಕಟ್ಟು ನೋವು, ಹೆಬ್ಬೆರಳು ನೋವು ಅಂತ ಮೊದಲೆಲ್ಲ ಬರುತ್ತಿದ್ದವರು ಟೈಲರ್‌ಗಳು, ಅಡಿಕೆ ಸುಲಿಯುವವರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು, ಬಾಣಂತಿಯರು. ಈಗ ಪಿಯುಸಿ, ಡಿಗ್ರಿ ಓದುವ ಹುಡುಗರು ಬರುತ್ತಾರೆ, ಹುಡುಗಿಯರೂ ಬರುತ್ತಾರೆ. ಇವರಲ್ಲಿ ಹೆಚ್ಚಿನವರು ತೀರಾ ತಡವಾಗಿ ಬರುತ್ತಾರೆ. ನೋವು ಶುರುವಾಗಿ ತಿಂಗಳುಗಟ್ಟಲೆ ಆಗಿರುತ್ತದೆ. ಅಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮನೆಯಲ್ಲಿ ಬೈತಾರೆ.

ಇತ್ತೀಚೆಗೆ ಒಬ್ಬ ಹುಡುಗನನ್ನು ಅವನ ಅಮ್ಮ ಕರೆದುಕೊಂಡು ಬಂದಿದ್ದರು. ಬೈಕಿನಿಂದ ಬಿದ್ದೆ ಅಂತ ಮನೆಯಲ್ಲಿ ಹೇಳಿದ್ದನಂತೆ. ಕೈ ಮೇಲೆ ತರಚಿದ ಗುರುತಿಲ್ಲ, ಎಕ್ಸ್‌ರೇಯಲ್ಲೂ ಏನೂ ಇಲ್ಲ. ಹೆಬ್ಬೆರಳಿನ ಬುಡದ ಹತ್ತಿರ, ಮಣಿಕಟ್ಟಿನ ಪಕ್ಕದಲ್ಲಿ ಮಾತ್ರ ಸಣ್ಣಗೆ ಊದಿತ್ತು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಅದರ ಮೇಲೆ ನಾಲ್ಕೂ ಬೆರಳು ಮುಚ್ಚು ಅಂದೆ. ಮುಚ್ಚಿದ. ಈಗ ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳಿನ ಕಡೆ ಬಗ್ಗಿಸು ಅಂದೆ. ಸ್ವಲ್ಪ ಬಗ್ಗಿಸುವಷ್ಟರಲ್ಲಿ "ಅಮ್ಮಾ" ಅಂತ ಕೈ ಎಳೆದುಕೊಂಡ, ಕಣ್ಣಲ್ಲಿ ನೀರು ಬಂತು. ಅಮ್ಮ ಫೋನ್ ಬಂತು ಅಂತ ಹೊರಗೆ ಹೋದಾಗ ಕೇಳಿದೆ, ಎಷ್ಟು ಬೆರಳಲ್ಲಿ ಆಡ್ತೀಯಪ್ಪಾ ಅಂತ. ಬಾಗಿಲ ಕಡೆ ಒಮ್ಮೆ ನೋಡಿ, "ನಾಲ್ಕು ಮೇಡಂ, ಕ್ಲಾ" ಅಂದ. ಆಮೇಲೆ ಬೈಕಿನ ಮಾತೇ ಬರಲಿಲ್ಲ.

ಕ್ಲಾ ಅಂದರೆ ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗೆ ಹೇಳುತ್ತೇನೆ. ಬಿಜಿಎಂಐ ತರಹದ ಗುಂಡು ಹಾರಿಸುವ ಆಟದಲ್ಲಿ ಬರೀ ಎರಡು ಹೆಬ್ಬೆರಳು ಸಾಲುವುದಿಲ್ಲ. ಎರಡು ತೋರುಬೆರಳುಗಳನ್ನೂ ಪರದೆಯ ಮೇಲಂಚಿನಲ್ಲಿ ಕೊಕ್ಕೆಯಂತೆ ಬಗ್ಗಿಸಿ ಇಟ್ಟುಕೊಳ್ಳುತ್ತಾರೆ. ಫೋನಿನ ಭಾರ ಉಳಿದ ಬೆರಳುಗಳ ಮೇಲೆ ಬೀಳುತ್ತದೆ. ಓಡಲು ಎಡ ಹೆಬ್ಬೆರಳು ಒತ್ತಿಕೊಂಡೇ ಇರಬೇಕು, ಬಲ ಹೆಬ್ಬೆರಳು ಗುರಿ ಹಿಡಿಯುತ್ತಾ ಆಚೆ ಈಚೆ ಓಡಾಡುತ್ತಲೇ ಇರಬೇಕು, ಗೈರೋ, ಅಂದರೆ ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವ ಸೌಲಭ್ಯ, ಹಾಕಿಕೊಂಡವರಾದರೆ ಮಣಿಕಟ್ಟನ್ನೂ ತಿರುಗಿಸುತ್ತಾ ಇರಬೇಕು. ಒಂದು ಮ್ಯಾಚು ಅರ್ಧ ಗಂಟೆ ಹಿಡಿಯುತ್ತದೆ. ಮಕ್ಕಳು ಒಂದಕ್ಕೆ ನಿಲ್ಲಿಸುವುದಿಲ್ಲ, ಅದೂ ಹಾಸಿಗೆಯಲ್ಲಿ ಅಂಗಾತ ಮಲಗಿ, ಕೈ ಎರಡೂ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಆಡುತ್ತಾರೆ.

ಹೆಬ್ಬೆರಳನ್ನು ಎತ್ತುವ ಎರಡು ಟೆಂಡನ್‌ಗಳಿವೆ. ಟೆಂಡನ್ ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಗಟ್ಟಿ ಹುರಿ. ಆ ಎರಡೂ ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟು ದಾರಿಯೊಳಗೆ ನುಸುಳಿ ಹೋಗುತ್ತವೆ. ಬಿಡುವಿಲ್ಲದೆ ಎಳೆದು ಎಳೆದು ಆ ದಾರಿಯ ಗೋಡೆ ದಪ್ಪ ಆಗುತ್ತದೆ, ಹುರಿ ಸರಾಗವಾಗಿ ಜಾರುವುದಿಲ್ಲ, ಬೆರಳು ಎತ್ತಿದಾಗೆಲ್ಲ ನೋವು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಜ್ ಡಿ ಕರ್ವೇನ್ ಹೆಸರೇ ಈ ತೊಂದರೆಗೆ ಇದೆ. ಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಬರುವುದೂ ಇದೇ. ಬಾಣಂತಿಗೆ ಬಂದರೆ ಮನೆಮಂದಿಯೆಲ್ಲ ಅಯ್ಯೋ ಪಾಪ ಅಂತಾರೆ. ಹುಡುಗನಿಗೆ ಬಂದರೆ "ಮಾಡಿದ್ದುಣ್ಣೋ ಮಹಾರಾಯ" ಅಂತಾರೆ. ಒಳಗಿನ ಹುರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಆಡುವವರಿಗೆ ಬೇರೆ ಕಡೆ ಹಿಡಿಯುತ್ತದೆ. ಮೇಜಿನ ಅಂಚಿಗೆ ಮಣಿಕಟ್ಟು ಒತ್ತಿಕೊಂಡು, ಅಂಗೈಯನ್ನು ಮೇಲಕ್ಕೆ ಬಗ್ಗಿಸಿಕೊಂಡು, ಬರೀ ಮಣಿಕಟ್ಟಿನಿಂದ ಮೌಸ್ ಆಡಿಸುತ್ತಾರೆ. ಮಣಿಕಟ್ಟಿನ ನಡುವೆ ಒಂದು ಸುರಂಗ ಇದೆ, ಅದರಲ್ಲಿ ಒಂಬತ್ತು ಟೆಂಡನ್‌ಗಳು ಮತ್ತು ಒಂದು ನರ ಒತ್ತಾಗಿ ಸಾಗುತ್ತವೆ. ಒಳಗೆ ಸ್ವಲ್ಪ ಊದಿದರೂ ಸಾಕು, ನರ ಅದುಮಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ರಾತ್ರಿ ಜಾಸ್ತಿ. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹಾಯೆನಿಸುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಅಂತಾರೆ. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರಿಗೂ, ಗರ್ಭಿಣಿಯರಿಗೂ ಇದು ಬರುತ್ತದೆ, ಹಾಗಾಗಿ ಎಲ್ಲ ಜೋಮಿಗೂ ಗೇಮೇ ಕಾರಣ ಅಂತ ನಾನು ಹೇಳುವುದಿಲ್ಲ, ಪರೀಕ್ಷೆ ಮಾಡಿಸಬೇಕು. ಕಿರುಬೆರಳು ಜೋಮು ಹಿಡಿದರೆ ಅದು ಇನ್ನೊಂದು ನರ, ಮೊಣಕೈ ಎಲ್ಲಾದರೂ ತಾಗಿದಾಗ ಷಾಕ್ ಹೊಡೆದ ಹಾಗಾಗುತ್ತದಲ್ಲ, ಅದು. ಗಟ್ಟಿ ಕುರ್ಚಿಯ ಕೈಮೇಲೆ ಗಂಟೆಗಟ್ಟಲೆ ಮೊಣಕೈ ಊರಿಕೊಂಡು ಕೂತರೆ ಅದಕ್ಕೆ ಪೆಟ್ಟು.

ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾದದ್ದು ಅಂದುಕೊಳ್ಳಬೇಡಿ. ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ 1981ರಲ್ಲೇ ಸ್ಪೇಸ್ ಇನ್ವೇಡರ್ಸ್ ಎಂಬ ವಿಡಿಯೋ ಗೇಮ್‌ನಿಂದ ಬಂದ ಮಣಿಕಟ್ಟು ನೋವಿನ ಬಗ್ಗೆ ಬರೆದಿದ್ದರು. 1990ರಲ್ಲಿ ಅದೇ ಪತ್ರಿಕೆಯಲ್ಲಿ 35 ವರ್ಷದ ಒಬ್ಬ ಹೆಂಗಸಿನ ವಿಷಯ ಬಂತು. ಮಕ್ಕಳಾಟ ಅಂತ ನಾವು ಸುಮ್ನೆ ತಳ್ಳಿಹಾಕುವ ನಿಂಟೆಂಡೊ ವಿಡಿಯೋ ಗೇಮನ್ನು ಒಂದೇ ಸಮನೆ ಐದು ಗಂಟೆ ಆಡಿ ಹೆಬ್ಬೆರಳು ಹಿಡಿದುಕೊಂಡು ಆಕೆ ಡಾಕ್ಟರ ಹತ್ತಿರ ಹೋಗಿದ್ದರು. ಎರಡೂ ಸಂಪಾದಕರಿಗೆ ಡಾಕ್ಟರುಗಳು ಬರೆದ ಪತ್ರಗಳೇ. 2000ದಲ್ಲಿ ನಿಂಟೆಂಡೊ ಕಂಪನಿ ತನ್ನ ಮಾರಿಯೋ ಪಾರ್ಟಿ ಆಟಕ್ಕೆ ಅಮೆರಿಕದಲ್ಲಿ ಪುಕ್ಕಟೆ ಕೈಗವಸು ಕೊಡಲು ಒಪ್ಪಬೇಕಾಯಿತು. ಅದನ್ನು ಆಡಿಸುವ ಕಂಟ್ರೋಲರಿನ ಪುಟ್ಟ ಕೋಲನ್ನು ಅಂಗೈಯಲ್ಲಿ ಗರಗರ ತಿರುಗಿಸಿ ಮಕ್ಕಳ ಕೈಯಲ್ಲಿ ಬೊಬ್ಬೆ ಎದ್ದಿತ್ತು.

ಇನ್ನೊಂದನ್ನು ನಾನು ಪ್ರತಿ ಹುಡುಗನಿಗೂ ಹೇಳುತ್ತೇನೆ. 2015ರಲ್ಲಿ ಅಮೆರಿಕದ ಡಾಕ್ಟರುಗಳು ಪ್ರಕಟಿಸಿದ್ದು. 29 ವರ್ಷದ ಒಬ್ಬ ವಾರಗಟ್ಟಲೆ ದಿನವಿಡೀ ಫೋನಿನಲ್ಲಿ ಕ್ಯಾಂಡಿ ಕ್ರಷ್ ಆಡಿ ಎಡ ಹೆಬ್ಬೆರಳಿನ ಟೆಂಡನ್ ಹರಿದುಕೊಂಡ, ಆಪರೇಷನ್ ಮಾಡಬೇಕಾಯಿತು. ಟೆಂಡನ್ ಅಷ್ಟು ಸವೆದು ಹರಿಯುವಾಗ ಸಾಮಾನ್ಯವಾಗಿ ನೋವಾಗುತ್ತದೆ. ಆಡುವಾಗ ಅವನಿಗೆ ನೋವೇ ಇರಲಿಲ್ಲ. ಆಟದ ಸಂತೋಷವೇ ನೋವನ್ನು ಮರೆಸಿರಬಹುದು ಅಂತ ಅವರು ಬರೆದಿದ್ದರು. ಅದಕ್ಕೇ "ಆಡುವಾಗ ಏನೂ ಆಗಲ್ಲ ಮೇಡಂ, ಆಮೇಲೇ ನೋವು" ಅಂತ ಯಾರಾದರೂ ಹೇಳಿದರೆ ನನಗೆ ಹೆದರಿಕೆ ಜಾಸ್ತಿ ಆಗುತ್ತದೆ. ಮಾತ್ರೆ ನುಂಗಿ, ಸ್ಪ್ರೇ ಹೊಡೆದುಕೊಂಡು ಮತ್ತೆ ಆಡಲು ಕೂರುವವರನ್ನು ನೋಡಿದರೂ ಅಷ್ಟೇ.

ನಮ್ಮ ಊರಲ್ಲಿ ಸುಗ್ಗಿಯ ಹೊತ್ತಿಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರ ಕೈ ಹೇಗೆ ಹಿಡಿದುಕೊಳ್ಳುತ್ತದೋ ಇದೂ ಹಾಗೆಯೇ: ಒಂದೇ ಚಲನೆ, ಸಾವಿರ ಸಲ, ಬಿಡುವಿಲ್ಲದೆ. ಅವರಿಗೆ ಕೂಲಿ ಸಿಗುತ್ತದೆ, ಇವರದು ಮೋಜು, ಎರಡೂ ಒಂದೇನಾ ಅಂತ ಕೇಳುವವರಿದ್ದಾರೆ. ನೋವಿನ ವಿಷಯದಲ್ಲಿ ಒಂದೇ. 2004ರಲ್ಲಿ ಸಚಿನ್ ತೆಂಡೂಲ್ಕರ್‌ಗೆ ಟೆನಿಸ್ ಎಲ್ಬೋ ಆದಾಗ ಇಡೀ ದೇಶ ಅವರ ಮೊಣಕೈ ಬಗ್ಗೆ ಮಾತಾಡಿತು. ಅಷ್ಟೊಂದು ಬ್ಯಾಟ್ ಬೀಸು ಅಂತ ಹೇಳಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಡೋಟಾ 2 ಎಂಬ ಕಂಪ್ಯೂಟರ್ ಆಟದ ಅಮೆರಿಕದ ಆಟಗಾರ ಕ್ಲಿಂಟನ್ ಲೂಮಿಸ್‌ಗೂ ಅದೇ ಟೆನಿಸ್ ಎಲ್ಬೋ ಬಂದಿತ್ತು. 2014ರಲ್ಲಿ ಆ ಆಟದ ಅತಿ ದೊಡ್ಡ ಟೂರ್ನಿಯಲ್ಲಿ ಆಡಲಾಗದೆ ಹೊರಗೆ ಕೂತ. ಕೈ ಸುಧಾರಿಸಿಕೊಂಡು ಬಂದು 2015ರಲ್ಲಿ ಅದೇ ಟೂರ್ನಿ ಗೆದ್ದ ತಂಡದಲ್ಲಿದ್ದ. ದಕ್ಷಿಣ ಕೊರಿಯಾದ ಫೇಕರ್ ಹೆಸರನ್ನು ಲೀಗ್ ಆಫ್ ಲೆಜೆಂಡ್ಸ್ ಆಡುವ ಮಕ್ಕಳೆಲ್ಲ ಕೇಳಿರುತ್ತಾರೆ. 2023ರಲ್ಲಿ ತೋಳು ನೋವು ಅಂತ ಸುಮಾರು ಒಂದು ತಿಂಗಳು ಆಟ ಬಿಟ್ಟು ಕೂತ. ತಂಡ ಒಂದರ ಹಿಂದೊಂದು ಪಂದ್ಯ ಸೋತರೂ ಕೂತ. ಅದೇ ವರ್ಷ ನವೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದ. ಇನ್ನೊಂದು ಕಡೆ ಅದೇ ಆಟ ಆಡುವ ಚೀನಾದ ಉಜಿ 2020ರಲ್ಲಿ, 23ನೇ ವಯಸ್ಸಿಗೇ ನಿವೃತ್ತಿ ಹೇಳಿದ. ಸಕ್ಕರೆ ಕಾಯಿಲೆ ಜೊತೆಗೆ ಭುಜ, ಕೈ ಎಲ್ಲ ಕೆಟ್ಟಿತ್ತು. ಈ ಮೂರು ಹೆಸರು ಹೇಳಿದರೆ ಹುಡುಗರು ನನ್ನ ಮಾತು ಕೇಳುತ್ತಾರೆ. ಮೊಬೈಲ್ ಕಿತ್ತು ಬಿಸಾಡುತ್ತೇನೆ ಅಂದರೆ ಕೇಳುವುದಿಲ್ಲ.

ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸ್ ಅನ್ನು, ಅಂದರೆ ಪಂದ್ಯ ಕಟ್ಟಿ ಆಡುವ ವಿಡಿಯೋ ಗೇಮ್‌ಗಳನ್ನು, ಕ್ರೀಡಾ ಇಲಾಖೆಯ ಕೆಳಗೆ ತಂದಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದಕ್ಕೆ ಪದಕ ಇತ್ತು, ಭಾರತದವರೂ ಆಡಿದರು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಕ್ರೀಡೆ ಅಂತ ಒಪ್ಪಿದ ಮೇಲೆ ಅದರ ಗಾಯವನ್ನೂ ಕ್ರೀಡೆಯ ಗಾಯ ಅಂತ ಒಪ್ಪಬೇಕಲ್ವಾ? ಕಬಡ್ಡಿ ಪಂದ್ಯ ಇಟ್ಟರೆ ಪಕ್ಕದಲ್ಲಿ ಐಸ್, ಬ್ಯಾಂಡೇಜ್ ಇಟ್ಟುಕೊಳ್ಳುತ್ತೇವೆ. ಕಾಲೇಜು ಫೆಸ್ಟ್‌ನಲ್ಲಿ ಗೇಮಿಂಗ್ ಪಂದ್ಯ ಇಟ್ಟರೆ ಬೆಳಗ್ಗೆಯಿಂದ ಸಂಜೆಯವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಂದ್ಯದಿಂದ ಪಂದ್ಯಕ್ಕೆ ಹತ್ತು ನಿಮಿಷದ ಬಿಡುವೂ ಇಲ್ಲದೆ ಆಡಿಸುತ್ತೇವೆ. ಫೆಸ್ಟ್ ನಡೆಸುವ ವಿದ್ಯಾರ್ಥಿಗಳು ಮತ್ತು ಲೆಕ್ಚರರ್‌ಗಳು ದಯವಿಟ್ಟು ವೇಳಾಪಟ್ಟಿಯಲ್ಲೇ ಬಿಡುವು ಬರೆದು ಹಾಕಿ. ಮೇಜು ಮೊಣಕೈ ಎತ್ತರಕ್ಕೆ ಬರುವ ಹಾಗೆ ಕುರ್ಚಿ ಇಡಿ. ಗೇಮಿಂಗ್ ಕೆಫೆ ಇಟ್ಟವರಿಗೂ ಇದೇ ಮಾತು. ಲಕ್ಷ ರೂಪಾಯಿ ಕಂಪ್ಯೂಟರ್ ಹಾಕಿ ಎತ್ತರ ಸರಿ ಮಾಡಲಾಗದ ಕುರ್ಚಿ ಹಾಕಿದರೆ ಹೇಗೆ?

ಆಡುವ ಮಕ್ಕಳಿಗೆ: ಮಣಿಕಟ್ಟು ನೆಟ್ಟಗಿರಲಿ, ಮೇಲೂ ಬೇಡ ಕೆಳಗೂ ಬೇಡ. ಸೆನ್ಸಿಟಿವಿಟಿ ಸ್ವಲ್ಪ ಇಳಿಸಿ, ಮೌಸನ್ನು ಮೊಣಕೈಯಿಂದ ಓಡಿಸುವುದನ್ನು ಕಲಿಯಿರಿ. ಮೊದಲ ವಾರ ಗುರಿ ತಪ್ಪುತ್ತದೆ, ಆಮೇಲೆ ಕೂರುತ್ತದೆ. ಫೋನ್ ಆದರೆ ಕೂತು, ತೊಡೆಯ ಮೇಲೆ ದಿಂಬು ಇಟ್ಟು ಅದರ ಮೇಲೆ ಕೈ ಊರಿ ಆಡಿ. ಒಂದು ಮ್ಯಾಚ್ ಆದ ಮೇಲೆ ಲಾಬಿಯಲ್ಲಿ ಕಾಯುವ ಹೊತ್ತಿನಲ್ಲಿ ಫೋನ್ ಕೆಳಗಿಟ್ಟು ಎದ್ದು ಓಡಾಡಿ, ಬೆರಳು ಬಿಡಿಸಿ ಮಡಚಿ. ನೋವು ಬಂದ ದಿನ ಆ ದಿನಕ್ಕೆ ಸಾಕು. ಮರುದಿನವೂ ಇದ್ದರೆ ಕೆಲವು ದಿನ ಪೂರ್ತಿ ಬಿಡಿ. ಸುಮ್ನೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಂಡು ಆಡುವುದು ಬೇಡ, ಯೂಟ್ಯೂಬ್ ನೋಡಿ ನೋಯುವ ಕೈಯನ್ನು ಜಗ್ಗುವುದೂ ಬೇಡ. ನಾನು ಮೇಲೆ ಬರೆದ ಮುಷ್ಟಿಯ ಪರೀಕ್ಷೆಯನ್ನೂ ಮತ್ತೆ ಮತ್ತೆ ಮಾಡಿ ನೋಡಬೇಡಿ, ನೋವು ಜಾಸ್ತಿ ಆಗುತ್ತದೆ.

ಬೇಗ ಬಂದರೆ ಚಿಕಿತ್ಸೆ ಸುಲಭ. ಹೆಬ್ಬೆರಳಿಗೆ ಒಂದು ಸ್ಪ್ಲಿಂಟ್ (ಅಲುಗಾಡದಂತೆ ಹಿಡಿದಿಡುವ ಪಟ್ಟಿ), ಜೋಮಿದ್ದರೆ ರಾತ್ರಿ ಮಣಿಕಟ್ಟು ನೆಟ್ಟಗಿರಲು ಇನ್ನೊಂದು ಸ್ಪ್ಲಿಂಟ್, ಸ್ವಲ್ಪ ವಿಶ್ರಾಂತಿ, ಆಮೇಲೆ ನಿಧಾನವಾಗಿ ಬಲ ತುಂಬುವ ವ್ಯಾಯಾಮ. ಬಹಳ ಮಂದಿಗೆ ಇಷ್ಟರಲ್ಲೇ ಗುಣವಾಗುತ್ತದೆ. ತಡ ಮಾಡಿದವರಿಗೆ ಇಂಜೆಕ್ಷನ್, ಕೆಲವರಿಗೆ ಆಪರೇಷನ್. ಗುಣವಾದ ಮೇಲೆ ಆಡಬಹುದಾ ಅಂತ ಮಕ್ಕಳು ಹೆದರಿ ಹೆದರಿ ಕೇಳುತ್ತಾರೆ. ಆಡಬಹುದು, ಹೊತ್ತು ಕಡಿಮೆ ಮಾಡಿ, ಕೂರುವ ರೀತಿ ಬದಲಿಸಿ. ಇದನ್ನು ಅಪ್ಪ ಅಮ್ಮನ ಎದುರೇ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಪೂರ್ತಿ ಬಿಡಿಸುತ್ತೇವೆ ಅಂತ ಹೊರಟರೆ ಆ ಹುಡುಗ ಕದ್ದು ಆಡುತ್ತಾನೆ, ಕದ್ದು ಆಡುವವನು ರಾತ್ರಿ ಹೊದಿಕೆಯೊಳಗೆ ಕೈ ಮುದುರಿಕೊಂಡು ಆಡುತ್ತಾನೆ, ನೋವು ಬಂದರೆ ಮತ್ತೆ ಬೈಕಿನಿಂದ ಬಿದ್ದೆ ಅಂತಾನೆ.

ಅಪ್ಪ ಅಮ್ಮಂದಿರೇ, ಎಷ್ಟು ಹೊತ್ತು ಆಡಬೇಕು ಅನ್ನುವುದಕ್ಕೆ ಮನೆಯಲ್ಲಿ ಒಂದು ಕಟ್ಟುಪಾಡು ಇರಲಿ, ಅದಕ್ಕಾಗಿ ಬೇಕಾದರೆ ಜಗಳವನ್ನೂ ಆಡಿ. ಕೈ ನೋಯುತ್ತಿದೆ ಅಂತ ಮಗ ಅಥವಾ ಮಗಳು ಹೇಳಿದ ದಿನ ಮಾತ್ರ ಆ ಜಗಳ ಬೇಡ. ಎಲ್ಲಿ ನೋಯುತ್ತಿದೆ, ಯಾವ ಬೆರಳು, ರಾತ್ರಿ ಎಚ್ಚರ ಆಗುತ್ತದಾ ಅಂತ ಕೇಳಿ. ಹಿಡಿದ ಲೋಟ ಕೈಜಾರುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಕಷ್ಟ ಆಗುತ್ತಿದ್ದರೆ, ಜೋಮು ಹಗಲೂ ಬಿಡದಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಇನ್ನೊಂದು ಕೈಗಿಂತ ಸೊರಗಿದಂತೆ ಕಂಡರೆ ನರ ಸೋಲುತ್ತಿರಬಹುದು. ಪರೀಕ್ಷೆ ಮುಗಿಯಲಿ, ರಜೆ ಬರಲಿ ಅಂತ ಕಾಯದೆ ಆ ವಾರವೇ ಮೂಳೆ ಡಾಕ್ಟರಿಗೋ ನರದ ಡಾಕ್ಟರಿಗೋ ತೋರಿಸಿ.

– ಒಬ್ಬ ಫಿಸಿಯೋಥೆರಪಿಸ್ಟ್, ಶಿವಮೊಗ್ಗ